ಪೋ ಕವಿತೆಯ ಕತ್ತಲು ಸಾವಿಂದ ಬಂದಿದ್ದಲ್ಲ

ನೋವು ತಿನ್ನದೇ ಇದ್ರೆ ಒಳ್ಳೆ ಕವಿತೆ ಬರಲ್ಲ ಅಂತ ಹೇಳೋರು ಎಲ್ಲಾ ಕಡೆ ಸಿಗ್ತಾರೆ, ಅದಕ್ಕೆ ಸಾಕ್ಷಿ ಅಂತ ಅವ್ರು ಮೊದಲು ತಂದು ನಿಲ್ಸೋದು ಅಮೆರಿಕದ ಕವಿ ಎಡ್ಗರ್ ಅಲನ್ ಪೋನ. ನಾನು ಇದನ್ನ ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ ಕೇಳಿ.

ಅವನ ಬದುಕಲ್ಲಿ ದುರಂತಕ್ಕೇನೂ ಕಮ್ಮಿ ಇರ್ಲಿಲ್ಲ. 1809ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ, ಅಪ್ಪ ಬಿಟ್ಟು ಹೋದ, ನಾಟಕದಲ್ಲಿ ಪಾರ್ಟು ಮಾಡ್ತಿದ್ದ ಅಮ್ಮ 1811ರ ಡಿಸೆಂಬರ್‌ನಲ್ಲಿ ತೀರ್ಕೊಂಡ್ಳು, ಇವನಿಗಿನ್ನೂ 3 ವರ್ಷ ತುಂಬಿರ್ಲಿಲ್ಲ. ಸಾಕುತಾಯಿ 1829ರಲ್ಲಿ ಹೋದ್ಳು, ಅಣ್ಣ ಹೆನ್ರಿ 1831ರಲ್ಲಿ, ಹೆಂಡ್ತಿ ವರ್ಜೀನಿಯಾ 1847ರಲ್ಲಿ. ಹೆತ್ತಮ್ಮ, ಅಣ್ಣ, ಹೆಂಡ್ತಿ ಮೂರೂ ಜನ ಸತ್ತಾಗ ಅವ್ರ ವಯಸ್ಸು 24, ಮೂರೂ ಜನರದ್ದೂ!

ಆದ್ರೆ ಅದೇ ಅಮ್ಮನ್ನ ಕಳ್ಕೊಂಡ ತಂಗಿ ರೋಸಲಿನೂ ಇದ್ಳು, 1874ರವರೆಗೂ ಬದುಕಿದ್ಳು. ಹೆನ್ರಿ ಸ್ವಲ್ಪ ಕವಿತೆ ಬರೆದಿದ್ದ. ತಬ್ಬಲಿತನ ಮೂರೂ ಮಕ್ಳಿಗೂ ಒಂದೇ, ಪೋ ಆಗಿದ್ದು ಮಾತ್ರ ಒಬ್ಬನೇ. ಹಾಗಾದ್ರೆ ನೋವು ಅವನ ಬರವಣಿಗೆಗೆ ಏನ್ ಮಾಡ್ತು?

ನನ್ನ ಪ್ರಕಾರ ಎಲ್ಲಾ ಇರೋದು 1842ರ ಜನವರಿಯಲ್ಲಿ. ವರ್ಜೀನಿಯಾ ಹಾಡ್ತಾ ಇದ್ದಾಗ ಬಾಯಿಂದ ರಕ್ತ ಬಂತು, ಕ್ಷಯ. ಇನ್ನು ಉಳಿಯಲ್ಲ ಅನ್ಕೊಂಡ್ರು, ಚೇತರಿಸ್ಕೊಂಡ್ಳು, ಮತ್ತೆ ರಕ್ತ, ಮತ್ತೆ ಚೇತರಿಕೆ, ಹೀಗೇ 5 ವರ್ಷ. ಅವಳು ಹೋದ್ಮೇಲೆ 1848ರಲ್ಲಿ ಒಂದು ಪತ್ರದಲ್ಲಿ ಪೋ ಇದನ್ನೆಲ್ಲಾ ಬರೆದಿದಾನೆ, ಪ್ರತಿ ಸಲ ಅವಳು ಸತ್ತಷ್ಟೇ ಸಂಕಟ ಆಗ್ತಿತ್ತಂತೆ, ತಡ್ಕೊಳಕ್ಕೆ ಆಗದೇ ಇದ್ದಿದ್ದು ಸಾವಲ್ಲ, ಆಸೆಗೂ ಹತಾಶೆಗೂ ನಡುವೆ ಮುಗಿಯದೇ ಇರೋ ಆ ಓಲಾಟ ಅಂತಾನೆ. ಈ ಪತ್ರ ಓದಿದ್ಮೇಲೆ ನಂಗೆ ಅವನ ಕವಿತೆಗಳೇ ಬೇರೆ ಥರ ಕಾಣಕ್ಕೆ ಶುರುವಾದ್ವು.

ಯಾಕಂದ್ರೆ ಅವನ ಹೆಸರಾಂತ ಕವಿತೆ ‘ದಿ ರೇವನ್’ ಬಂದಿದ್ದು 1845ರ ಜನವರಿಯಲ್ಲಿ. ಆಗ ವರ್ಜೀನಿಯಾ ಬದುಕಿದ್ಳು! ಹೆಂಡ್ತಿ ಸತ್ತ ದುಃಖಕ್ಕೆ ಬರೆದ ಅಂತ ಸುಮಾರು ಜನ ಅನ್ಕೊಂಡಿರ್ತಾರೆ, ದಿನಾಂಕ ನೋಡಿದ್ರೆ ಅದು ಆಗಲ್ಲ. ಈಗ ಕವಿತೆ ಒಳಗೆ ಏನಾಗುತ್ತೆ ನೋಡಿ, ಪ್ರೇಯಸಿ ಲೆನೋರ್‌ನ ಕಳ್ಕೊಂಡವನೊಬ್ಬ ಮಧ್ಯರಾತ್ರಿ ಕೂತಿದಾನೆ, ಒಂದು ಕಪ್ಪು ಹಕ್ಕಿ ಒಳಗೆ ಬರುತ್ತೆ, ಅದಕ್ಕೆ ಗೊತ್ತಿರೋದು ನೆವರ್‌ಮೋರ್, ಅಂದ್ರೆ ಇನ್ನೆಂದೂ ಇಲ್ಲ, ಅನ್ನೋ ಒಂದೇ ಉತ್ತರ. ಅದು ಅವನಿಗೂ ಗೊತ್ತಾಗಿದೆ, ಆದ್ರೂ ಕೇಳ್ತಾನೆ, ಈ ನೋವಿಗೆ ಮದ್ದು ಇದೆಯಾ, ಅವಳನ್ನ ಮತ್ತೆ ತಬ್ಕೋತೀನಾ, ಒಂದಕ್ಕಿಂತ ಒಂದು ಆಸೆಯ ಪ್ರಶ್ನೆ. ಬರೀ ಸತ್ತವಳಿಗೆ ಅಳೋನು ಹೀಗೆ ಕೇಳ್ತಾ ಕೂರಲ್ಲ, ಇದು ರೋಗಿ ಪಕ್ಕ ವರ್ಷಗಟ್ಟಲೆ ಕೂತವನ ಮನಸ್ಸು, ಉತ್ತರ ಗೊತ್ತಿದ್ರೂ ಇನ್ನೊಂದ್ಸಲ ಕೇಳೋ ಮನಸ್ಸು.

1846ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಪೋ ಈ ಕವಿತೆನ ಗಣಿತದ ಲೆಕ್ಕದಷ್ಟು ಕರಾರುವಾಕ್ಕಾಗಿ ಕಟ್ಟಿದೆ ಅಂತಾನೆ, ಎಷ್ಟು ಸಾಲು, ಯಾವ ಸ್ವರ, ಎಲ್ಲಾನೂ. ಕೆಲವರು ಅದನ್ನ ಓದಿ ಎಂಥ ಕಲ್ಲು ಮನಸ್ಸಪ್ಪಾ ಅಂತಾರೆ. ನಂಗೆ ಹಾಗನ್ಸಲ್ಲ. ತನ್ನ ಕೈಲಿ ಉಳಿಸ್ಕೊಳಕ್ಕೆ ಆಗದ ಒಂದು ಜೀವ ಕಣ್ಮುಂದೆ ಜಾರ್ತಾ ಇರುವಾಗ ಪ್ರಾಸ, ಲಯ ಅನ್ನೋದು ಅವನ ಮಾತು ಕೇಳೋ ಒಂದೇ ಜಾಗ ಆಗಿತ್ತು ಅನ್ಸುತ್ತೆ.

ಇನ್ನು ಅವಳು ನಿಜಕ್ಕೂ ತೀರ್ಕೊಂಡ 1847ರಲ್ಲಿ ಏನಾಯ್ತು? ನೋವೇ ಬರೆಸೋದಾಗಿದ್ರೆ ಆ ವರ್ಷ ಕವಿತೆ ಉಕ್ಕಬೇಕಿತ್ತು. ಅವನು ಕಾಯಿಲೆ ಬಿದ್ದ, ಬರೆದಿದ್ದು ತೀರಾ ಕಮ್ಮಿ, ಡಿಸೆಂಬರ್‌ನಲ್ಲಿ ‘ಉಲಲೂಮ್’ ಅನ್ನೋ ಕವಿತೆ ಬಂತು, 1849ರ ಅಕ್ಟೋಬರ್‌ನಲ್ಲಿ ಅವನೂ ಹೋದ, 40 ವರ್ಷಕ್ಕೆ. ಚೆನ್ನಾಗಿ ಬರೀಬೇಕು ಅಂತ ಕೊರಗನ್ನ ಬೇಕಂತ್ಲೇ ಹಿಡ್ಕೊಂಡು ಕೂತಿರೋರು ಯಾರಾದ್ರೂ ಇದನ್ನ ಕೇಳ್ತಿದ್ರೆ, ದಯವಿಟ್ಟು ಆ 1847ನ್ನ ಒಂದ್ಸಲ ನೋಡಿ.