ಕೊಂಬು ಮೂಗಿನ ಮೇಲೋ, ಹೆಬ್ಬೆರಳಲ್ಲೋ?

ಎಲ್ಲರಿಗೂ ನಮಸ್ಕಾರ. ಅಳಿದುಹೋದ ಪ್ರಾಣಿಗಳ ಬಗ್ಗೆ ಮಾತು ಅಂದರೆ ಯಾವುದು ಎಷ್ಟು ಉದ್ದ, ಎಷ್ಟು ಭಾರ ಅನ್ನೋ ಲೆಕ್ಕ ಇರುತ್ತದೆ ಅಂದುಕೊಂಡು ಬಂದಿರುತ್ತೀರಿ. ಇವತ್ತು ಆ ಲೆಕ್ಕ ಬೇಡ. ಈ ಪ್ರಾಣಿಗಳ ವಿಷಯದಲ್ಲಿ ಮನುಷ್ಯರು ಮಾಡಿದ ಎಡವಟ್ಟುಗಳನ್ನು ಹೇಳುತ್ತೇನೆ. ನನಗಂತೂ ಅವೇ ಜಾಸ್ತಿ ಇಷ್ಟ.

ಪಳೆಯುಳಿಕೆ ಇಡಿಯಾಗಿ ಸಿಗುವುದು ಅಪರೂಪ. ಸತ್ತ ಪ್ರಾಣಿಯನ್ನು ಬೇರೆ ಪ್ರಾಣಿಗಳು ಎಳೆದಾಡುತ್ತವೆ. ನೀರು ಕೊಚ್ಚಿಕೊಂಡು ಹೋಗುತ್ತದೆ. ಮೆತ್ತನೆಯ ಭಾಗ ಕೊಳೆಯುತ್ತದೆ. ಬೇಗ ಹೂಳಿನಡಿ ಸೇರಿದ ಹಲ್ಲೋ ಮೂಳೆಯೋ ಉಳಿದರೆ ಪುಣ್ಯ. ಮಿಕ್ಕಿದ್ದನ್ನು ನಾವೇ ಊಹಿಸಿ ತುಂಬಬೇಕು. ತುಂಬಲು ಹೊರಟಾಗ ನೆನಪಿಗೆ ಬರುವುದು ನಮಗೆ ಗೊತ್ತಿರುವ ಪ್ರಾಣಿಗಳೇ, ಅಲ್ವಾ? ಎಡವುವುದು ಅಲ್ಲೇ.

ಇಗ್ವಾನೊಡಾನ್ ಎಂಬ ಡೈನೋಸಾರ್ ನೋಡಿ. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಅದಕ್ಕೆ ಹೆಸರಿಟ್ಟರು. ಅವರ ಕೈಲಿದ್ದ ಹಲ್ಲುಗಳು ಇಗ್ವಾನಾ ಎಂಬ ಹಲ್ಲಿ ಜಾತಿಯ ಪ್ರಾಣಿಯ ಹಲ್ಲಿನ ಹಾಗಿದ್ದವು, ಆದರೆ ಎಷ್ಟೋ ಪಾಲು ದೊಡ್ಡವು. ಮುಂದೆ ಒಂದು ಚೂಪಾದ ಮೂಳೆ ಸಿಕ್ಕಿತು. ಖಡ್ಗಮೃಗಕ್ಕೆ ಇರುವ ಹಾಗೆ ಅದನ್ನು ಮೂಗಿನ ಮೇಲೆ ಕೂರಿಸಿಬಿಟ್ಟರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ಮೂಗಿನ ಕೊಂಬಿನ ಸಮೇತ ದೊಡ್ಡ ಪ್ರತಿಮೆಗಳೂ ಬಂದವು. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ, 300 ಮೀಟರಿಗೂ ಜಾಸ್ತಿ ಆಳದಲ್ಲಿ, ಇಗ್ವಾನೊಡಾನ್ ಅಸ್ಥಿಪಂಜರಗಳು ಸಿಕ್ಕವು. ಒಂದೆರಡಲ್ಲ, 30ಕ್ಕೂ ಹೆಚ್ಚು. ಲೂಯಿ ಡಾಲೊ ಅವನ್ನು ಅಭ್ಯಾಸ ಮಾಡಿದಾಗ ಎಲ್ಲ ಸ್ಪಷ್ಟವಾಯಿತು. ಕೊಂಬು ಅಂದುಕೊಂಡದ್ದು ಕೈಯ ಹೆಬ್ಬೆರಳು! ಲಂಡನ್ನಿನ ಪ್ರತಿಮೆಗಳನ್ನು ಯಾರೂ ತಿದ್ದಲು ಹೋಗಲಿಲ್ಲ. ಒಳ್ಳೆಯದೇ ಆಯಿತು ಅಂತೀನಿ ನಾನು.

ಇದು ಒಂದು ಮೂಳೆ ಜಾಗ ತಪ್ಪಿದ ಕಥೆ. ಒಂದು ಪ್ರಾಣಿ ಮೂರಾದ ಕಥೆ ಇನ್ನೂ ಮಜವಾಗಿದೆ. 1892ರಲ್ಲಿ ಜೋಸೆಫ್ ವೈಟೀವ್ಸ್ ಅವರು ಕೆನಡಾದ ಬೆಟ್ಟದಲ್ಲಿ ಸಿಕ್ಕಿದ ಒಂದು ಪಳೆಯುಳಿಕೆಗೆ ಅನೊಮಲೊಕ್ಯಾರಿಸ್ ಅಂತ ಹೆಸರಿಟ್ಟರು. ಅಂದರೆ ವಿಚಿತ್ರ ಸೀಗಡಿ. ಗೆಣ್ಣು ಗೆಣ್ಣಾಗಿ ಬಾಗಿದ ಮೈ ಸೀಗಡಿಯದೇ, ಆದರೆ ತಲೆ ಮಾತ್ರ ಎಲ್ಲೂ ಇಲ್ಲ. ಆಮೇಲೆ ಅದೇ ಸೀಮೆಯ ಬರ್ಜೆಸ್ ಶೇಲ್ ಎಂಬಲ್ಲಿ ಚಾರ್ಲ್ಸ್ ವಾಲ್ಕಾಟ್‌ಗೆ ಪಳೆಯುಳಿಕೆಗಳ ಖಜಾನೆಯೇ ಸಿಕ್ಕಿತು. ಸುಮಾರು 50 ಕೋಟಿ ವರ್ಷ ಹಳೆಯ ಕಲ್ಲುಗಳವು. 1911ರಲ್ಲಿ ಅವರು ಅಲ್ಲಿಯ ಒಂದು ದುಂಡನೆಯ ಬಿಲ್ಲೆಯನ್ನು ಜೆಲ್ಲಿ ಮೀನು ಅಂದರು. ಇನ್ನೊಂದು ಮೆತ್ತನೆಯ ಮೈಯನ್ನು ಕಡಲ ಸೌತೆ ಎಂಬ ಸಮುದ್ರಜೀವಿ ಅಂದರು. ಮೂರಕ್ಕೂ ಬೇರೆ ಬೇರೆ ಹೆಸರು.

ಎಷ್ಟೋ ದಶಕ ಹೀಗೇ ನಡೆಯಿತು. ಕೊನೆಗೆ ಹ್ಯಾರಿ ವಿಟಿಂಗ್ಟನ್ ಒಂದು ಕಲ್ಲನ್ನು ಹುಷಾರಾಗಿ ಕೆತ್ತುತ್ತಾ ಹೋದರು. ಒಳಗೆ ಜೆಲ್ಲಿ ಮೀನು ಇತ್ತು. ಅದರ ಪಕ್ಕಕ್ಕೇ ಎರಡು 'ಸೀಗಡಿ' ಅಂಟಿಕೊಂಡಿದ್ದವು. ಜೆಲ್ಲಿ ಮೀನು ಅಂದುಕೊಂಡದ್ದು ಬಾಯಿ. ಸೀಗಡಿಗಳು ಬೇಟೆ ಹಿಡಿಯುವ ಕೈಗಳು. ಕಡಲ ಸೌತೆ ಅಂದದ್ದು ಮೈ. ತಲೆ ಯಾಕೆ ಸಿಕ್ಕಿರಲಿಲ್ಲ ಅಂತ ಆಗ ಗೊತ್ತಾಯಿತು! 1985ರಲ್ಲಿ ವಿಟಿಂಗ್ಟನ್ ಮತ್ತು ಡೆರೆಕ್ ಬ್ರಿಗ್ಸ್ ಇದನ್ನೆಲ್ಲ ಸೇರಿಸಿ ಬರೆದರು. ಅಲ್ಲಿಗೂ ಮುಗಿಯಲಿಲ್ಲ. ಆ ದುಂಡನೆ ಬಾಯಿ ಅನೊಮಲೊಕ್ಯಾರಿಸ್‌ನದ್ದಲ್ಲ, ಅದರ ಹತ್ತಿರದ ಸಂಬಂಧಿಯದ್ದು ಅಂತ ಆಮೇಲೆ ತಿಳಿಯಿತು. ತಿದ್ದಿದ್ದನ್ನೂ ತಿದ್ದಬೇಕಾಯಿತು ನೋಡಿ. ಆಸ್ಟ್ರೇಲಿಯಾದಲ್ಲಿ ಸಿಕ್ಕಿದ ಅನೊಮಲೊಕ್ಯಾರಿಸ್ ಕಣ್ಣುಗಳ ವಿಷಯ 2011ರಲ್ಲಿ ಹೊರಬಂತು. ಒಂದೊಂದರಲ್ಲೂ ಕಡಿಮೆ ಅಂದರೂ 16,000 ಮಸೂರ. ಇಂಥ ಬೇಟೆಗಾರನನ್ನು ನಾವು ತಲೆಯಿಲ್ಲದ ಸೀಗಡಿ ಮಾಡಿ ಕೂರಿಸಿದ್ದೆವು.

ಆಕಾರ ತಪ್ಪಿದರೆ ತಿದ್ದಬಹುದು. ಹೆಸರು ಕೆಟ್ಟರೆ? 1923ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಗೂಡಿನ ಮೇಲೆ ಒಂದು ಸಣ್ಣ ಡೈನೋಸಾರ್ ಸಿಕ್ಕಿತು. ಆ ಜಾಗದ ತುಂಬಾ ಇದ್ದದ್ದು ಪ್ರೊಟೊಸೆರಾಟಾಪ್ಸ್ ಎಂಬ ಇನ್ನೊಂದು ಡೈನೋಸಾರ್. ಹಾಗಾಗಿ ಮೊಟ್ಟೆ ಅದರದ್ದೇ, ಇವನು ಕದಿಯಲು ಬಂದವನು ಅಂತ ತೀರ್ಮಾನವಾಯಿತು. 1924ರಲ್ಲಿ ಹೆನ್ರಿ ಆಸ್ಬಾರ್ನ್ ಓವಿರ‍್ಯಾಪ್ಟರ್ ಅಂತ ಹೆಸರಿಟ್ಟರು, ಮೊಟ್ಟೆ ಕಳ್ಳ! ಈ ಹೆಸರು ದಾರಿ ತಪ್ಪಿಸಬಹುದು ಅಂತ ಅವರೇ ಎಚ್ಚರಿಸಿದ್ದರು. ಯಾರು ಕೇಳ್ತಾರೆ? 1993ರಲ್ಲಿ ಅಂಥದ್ದೇ ಮೊಟ್ಟೆಯೊಳಗೆ ಮರಿಯ ಮೂಳೆ ಸಿಕ್ಕಿತು. ಅದು ಪ್ರೊಟೊಸೆರಾಟಾಪ್ಸ್ ಮರಿ ಆಗಿರಲಿಲ್ಲ, ಕಳ್ಳನ ಕುಲದ್ದೇ ಆಗಿತ್ತು. ಅದೇ ಕುಲದ ಡೈನೋಸಾರ್‌ಗಳು ಗೂಡಿನ ಮೇಲೆ ಕೈ ಹರಡಿ ಕಾವಿಗೆ ಕೂತ ಭಂಗಿಯಲ್ಲೂ ಸಿಕ್ಕವು. ಆದರೆ ಮೊದಲು ಇಟ್ಟ ಹೆಸರೇ ಉಳಿಯಬೇಕು ಅನ್ನುವುದು ನಿಯಮ. ಕಾವಿಗೆ ಕೂತ ಪಾಪದ ಪ್ರಾಣಿ ಇವತ್ತಿಗೂ ಸುಮ್ನೆ ಕಳ್ಳನಾಗಿಯೇ ಇದೆ.

ನಿಜವಾದ ಕಳ್ಳರು ಬೇಕಿದ್ದರೆ ಅದೇ ಗೋಬಿಯಲ್ಲಿ ಇದ್ದಾರೆ. 1965ರಲ್ಲಿ ಪೋಲೆಂಡಿನ ಜೋಫಿಯಾ ಕೀಲನ್-ಯಾವೊರೊವ್ಸ್ಕಾ ಅವರ ತಂಡಕ್ಕೆ ಒಂದು ಡೈನೋಸಾರ್‌ನ ಎರಡು ತೋಳು ಸಿಕ್ಕವು, ಒಂದೊಂದೂ 2.4 ಮೀಟರ್. ಡೈನೊಕೈರಸ್ ಅಂತ ಹೆಸರಾಯಿತು, ಭಯಂಕರ ಕೈ. ಇಂಥ ಕೈ ಇದ್ದವನು ಎಂಥ ಬೇಟೆಗಾರನೋ ಅಂತ ಸುಮಾರು 50 ವರ್ಷ ಊಹೆಗಳು ನಡೆದವು. ಮುಂದೆ ಇನ್ನೆರಡು ಅಸ್ಥಿಪಂಜರ ಸಿಕ್ಕರೂ ಒಂದರ ತಲೆ, ಪಾದ ಇರಲಿಲ್ಲ. ಕಳ್ಳರು ಅಗೆದುಕೊಂಡು ಹೋಗಿ ಮಾರಿದ್ದರು. ಅವು ಯುರೋಪಿನಿಂದ ಮಂಗೋಲಿಯಾಕ್ಕೆ ವಾಪಸ್ ಬಂದವು. 2014ರಲ್ಲಿ ಇಡೀ ಪ್ರಾಣಿಯ ಚಿತ್ರ ಹೊರಬಂತು. ಬೆನ್ನ ಮೇಲೆ ಡುಬ್ಬ. ಬಾತುಕೋಳಿಯ ಹಾಗೆ ಅಗಲ ಮೂತಿ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಹೊಟ್ಟೆಯಲ್ಲಿ ಮೇವು ಅರೆಯಲು ನುಂಗಿದ 1,400ಕ್ಕೂ ಹೆಚ್ಚು ಸಣ್ಣ ಕಲ್ಲುಗಳು, ಜೊತೆಗೆ ಒಂದಷ್ಟು ಮೀನಿನ ಮೂಳೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಉದ್ದ, ಭಾರವನ್ನೂ ಕೇಳಿ, ಪರವಾಗಿಲ್ಲ.