ಮಾಡಿನಡಿಯಲ್ಲಿ ಉಬ್ಬಿದ ಫೋಮ್

ಈಗ ನೀವು ನೋಡುತ್ತಿರುವುದು ನಮ್ಮ ಮನೆಯ ಮಾಡಿನ ಒಳಮೈ. ಶಾಖ ತಡೆಯಲೆಂದು ಸಿಂಪಡಿಸಿದ, ತೊಲೆಗಳ ನಡುವೆ ಕೆನೆಬಣ್ಣದಲ್ಲಿ ಉಬ್ಬಿ ನಿಂತಿರುವ ಈ ಸ್ಪ್ರೇ ಫೋಮ್ ಸಿದ್ಧ ಹಲಗೆಯಾಗಿ ಬಂದದ್ದಲ್ಲ. ಎರಡು ಪೀಪಾಯಿಗಳಲ್ಲಿ ದ್ರವವಾಗಿ ಬಂದು, ಬಿಸಿಮಾಡಿದ ಪೈಪುಗಳಲ್ಲಿ ಮೇಲೇರಿ, ಸಿಂಪಡಿಸುವ ಗನ್ನಿನ ಬಾಯಲ್ಲಿ ಸಮಪ್ರಮಾಣದಲ್ಲಿ ಬೆರೆತು, ಕೆಲವೇ ಕ್ಷಣಗಳಲ್ಲಿ ಕಣ್ಣೆದುರಿಗೇ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಆದದ್ದು. ಒಂದು ಪೀಪಾಯಿಯಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇತ್ತು. ಇನ್ನೊಂದರಲ್ಲಿ ಅದರೊಡನೆ ಕೂಡುವ ಪಾಲಿಯೋಲ್ ಮತ್ತು ಫೋಮನ್ನು ಉಬ್ಬಿಸುವ ಪದಾರ್ಥಗಳಿದ್ದವು. ಕಾರ್ಖಾನೆಯಲ್ಲಿ ನಡೆಯಬೇಕಾದ ಕೆಲಸ ಮನೆಯೊಳಗೇ ನಡೆಯುವುದರಿಂದ, ಸರಕಿನ ಗುಣಕ್ಕಿಂತ ಗನ್ ಹಿಡಿದವರ ಕೈಗುಣವೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ.

ಈ ಫೋಮಿನಲ್ಲಿ ಎರಡು ಬಗೆ. ಒಳಗಿನ ಗುಳ್ಳೆಗಳು ತೆರೆದಿರುವ ಓಪನ್ ಸೆಲ್ ಫೋಮ್ ಘನ ಮೀಟರಿಗೆ ಸುಮಾರು 8 ಕಿಲೋ ತೂಗುತ್ತದೆ ಮತ್ತು ಬೆರಳಿನಿಂದ ಒತ್ತಿದರೆ ತಗ್ಗುತ್ತದೆ. ಗುಳ್ಳೆಗಳು ಮುಚ್ಚಿರುವ ಕ್ಲೋಸ್ಡ್ ಸೆಲ್ ಸುಮಾರು 32 ಕಿಲೋ ತೂಗುತ್ತದೆ, ಗಟ್ಟಿಯಾಗಿರುತ್ತದೆ, ನೀರಾವಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಶಾಖ ತಡೆಯುವ ಶಕ್ತಿಯನ್ನು ಹೇಳುವ ಆರ್ ಮೌಲ್ಯ ಮೊದಲನೆಯದಕ್ಕೆ ಅಂಗುಲಕ್ಕೆ 3.5ರ ಆಸುಪಾಸು, ಎರಡನೆಯದಕ್ಕೆ 6ಕ್ಕೂ ಹೆಚ್ಚು. ನಮ್ಮ ತೊಲೆಗಳು ದಪ್ಪ ಪದರ ಹಿಡಿಸುವಷ್ಟು ಆಳವಿಲ್ಲದ ಕಾರಣ ಎರಡನೆಯದನ್ನೇ ಆರಿಸಿಕೊಂಡೆವು.

ಇನ್ನು ಈ ಮೂಲೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಕೂದಲೆಳೆಯಂಥ ಬಿರುಕೊಂದು ಕಂಡಿದ್ದರಿಂದ ಚಾಕುವಿನಿಂದ ಕೊಯ್ದು ನೋಡಿದೆ. ಒಳಗೆ ಫೋಮ್ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಈ ರಾಸಾಯನಿಕ ಕ್ರಿಯೆಯೇ ಶಾಖವನ್ನು ಹುಟ್ಟಿಸುವುದರಿಂದ, ಸುಮಾರು ಎರಡು ಅಂಗುಲದ ಪದರ ಹಾಕಿ, ಅದು ತಣಿದ ಮೇಲೆ ಮುಂದಿನದನ್ನು ಹಾಕಬೇಕು. ಇಲ್ಲಿ ಅವಸರಕ್ಕೆ ಒಂದೇ ಸಲ ದಪ್ಪನಾಗಿ ಹಾಕಿದ್ದರಿಂದ ಒಡಲೇ ಸೀದುಹೋಗಿತ್ತು. ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದ್ದ ತಪ್ಪಿದು. ಕೆಲಸಗಾರರು ಒಪ್ಪಿಕೊಂಡು, ಕಿತ್ತು ಮತ್ತೆ ಹಾಕಿಕೊಟ್ಟರು. ಐಸೊಸಯನೇಟಿನ ಆವಿ ಉಸಿರಾಟಕ್ಕೆ ಹಾನಿಕರವಾದ್ದರಿಂದ, ನಾವು ಮತ್ತೆ 24 ಗಂಟೆ ಮನೆಯ ಹೊರಗೇ ಉಳಿಯಬೇಕಾಯಿತು.

ಸಂದಿಗೊಂದಿಗಳೆಲ್ಲ ಮುಚ್ಚಿಹೋಗಿ ಗಾಳಿ ತಾನಾಗಿ ಒಳನುಗ್ಗುವುದು ನಿಂತಿರುವ ಕಾರಣ, ಗಾಳಿಯಾಡಲು ಫ್ಯಾನಿನ ವ್ಯವಸ್ಥೆಯನ್ನೂ ಮಾಡಿಸಿದ್ದೇವೆ. ಅಗ್ನಿನಿರೋಧಕ ಬೆರೆತಿದ್ದರೂ ಫೋಮ್ ಉರಿಯಬಲ್ಲದು. ಅದಕ್ಕಾಗಿ ವಾಸದ ಕೋಣೆಯಾಗಲಿರುವ ಈ ಭಾಗಕ್ಕೆ ಜಿಪ್ಸಮ್ ಬೋರ್ಡ್ ಹೊದಿಸಲಾಗುತ್ತಿದೆ. ವಿದ್ಯುತ್ ತಂತಿಗಳು ಈಗ ಎಲ್ಲಿಯೂ ಕಾಣುವುದಿಲ್ಲವಾದ್ದರಿಂದ, ಫೋಮ್ ಹಾಕುವ ಮುನ್ನ ತೆಗೆದಿಟ್ಟುಕೊಂಡಿದ್ದ ವಿಡಿಯೊವನ್ನು ನೋಡಿಕೊಂಡೇ ಒಂದೊಂದು ಸ್ಕ್ರೂ ಹಾಕಿಸುತ್ತಿದ್ದೇನೆ.