ಪಹಣಿಯಲ್ಲಿ ಹೆಸರಿಲ್ಲದವರಿಗೆ ಬಿಸಿಲಿನ ಪಾಲೆಷ್ಟು?

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿನ ವಿಷಯ 'ನ್ಯಾಯಸಮ್ಮತ ಇಂಧನ ಪರಿವರ್ತನೆ' ಅಂತ ಅಚ್ಚಾಗಿದೆ. ಕಲ್ಲಿದ್ದಲು ಬಿಟ್ಟು ಬಿಸಿಲು, ಗಾಳಿ, ನೀರಿನ ಕರೆಂಟಿಗೆ ಹೋಗುವಾಗ ಬಡವರಿಗೆ ಅನ್ಯಾಯ ಆಗಬಾರದು ಅಂತ ಅದರ ಅರ್ಥ. ಓದಿದರೇ ನಿದ್ದೆ ಬರುವಂಥ ಹೆಸರು. ಅದರ ಮೇಲೆ ಊಟ ಆದ ನಂತರದ ಗೋಷ್ಠಿ ಬೇರೆ. ಅದಕ್ಕೇ ಆ ಹೆಸರನ್ನು ಪಕ್ಕಕ್ಕಿಟ್ಟು ನೇರ ಪಾವಗಡಕ್ಕೆ ಹೋಗೋಣ.

ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಮಳೆ ಬಂದರೆ ಕಡಲೆಕಾಯಿ, ಬರದಿದ್ದರೆ ಬೆಂಗಳೂರಿಗೆ ಗುಳೆ. ಕೊಳವೆಬಾವಿ ತೋಡಿದರೆ ಫ್ಲೋರೈಡ್ ನೀರು. ಅಂಥ ನೆಲದಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಅನ್ನುವ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಪಾರ್ಕಿನ ಗಾಜಿನ ಹಲಗೆಗಳು ನಿಂತಿವೆ. 2018ರಲ್ಲಿ ಉದ್ಘಾಟನೆ ಆಯಿತು. ಒಟ್ಟು 2,050 ಮೆಗಾವಾಟ್. ಬರ ಕೊಡುತ್ತಿದ್ದ ಅದೇ ಬಿಸಿಲು ಈಗ ಕರೆಂಟು ಕೊಡುತ್ತಿದೆ.

ಇಲ್ಲಿ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಭೂಮಿ ರೈತನ ಹೆಸರಲ್ಲೇ ಉಳಿಯಿತು. ಎಷ್ಟೋ ವರ್ಷ ಬಿತ್ತಿದ ಬೀಜವೂ ವಾಪಸ್ಸು ಬರದ ಹೊಲಕ್ಕೆ ಇದು ಸಣ್ಣ ದುಡ್ಡಲ್ಲ. ಹತ್ತು ಎಕರೆ ಇದ್ದವರಿಗೆ ಮೊದಲ ವರ್ಷವೇ 2,10,000 ರೂಪಾಯಿ. ಆದರೆ ಒಂದು ಸಣ್ಣ ಲೆಕ್ಕ ಹಾಕಿ. ಎರಡು ವರ್ಷಕ್ಕೆ ಶೇ. 5 ಅಂದರೆ ವರ್ಷಕ್ಕೆ ಎರಡೂವರೆ. ಬೇಳೆ, ಎಣ್ಣೆ, ಮಕ್ಕಳ ಫೀಸು ಇಷ್ಟು ನಿಧಾನವಾಗಿ ಏರಿದ್ದನ್ನು ನೀವು ಯಾರಾದರೂ ನೋಡಿದ್ದೀರಾ?

ಅದಿರಲಿ. ನನ್ನ ಪ್ರಶ್ನೆ ಬೇರೆ. ಆ ಗುತ್ತಿಗೆ ಹಣ ಯಾರ ಖಾತೆಗೆ ಹೋಗುತ್ತದೆ? ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಪಹಣಿಯ 9ನೇ ಕಲಂನಲ್ಲಿ ಮಾಲೀಕರ ಹೆಸರು ಇರುತ್ತದೆ, 12ನೆಯದರಲ್ಲಿ ಸಾಗುವಳಿದಾರರ ಹೆಸರು. ಆ ಹೊಲದಲ್ಲಿ ಕಳೆ ಕಿತ್ತವಳಿಗೆ, ಸುಗ್ಗಿಯಲ್ಲಿ ಕೂತು ಕಡಲೆಕಾಯಿ ಬಿಡಿಸಿದವಳಿಗೆ ಅಲ್ಲಿ ಯಾವ ಕಲಮೂ ಇಲ್ಲ. ಹೊಲ ಹೋದಾಗ ಮಾಲೀಕನಿಗೆ ಬಾಡಿಗೆ ಬಂತು, ಅವಳಿಗೆ ಕೂಲಿ ಹೋಯಿತು. ಕುರಿ ಕಾಯುವವನ ಕತೆಯೂ ಇದೇ. ಬೆಳೆ ಇಲ್ಲದ ತಿಂಗಳುಗಳಲ್ಲಿ ಬೀಳು ಹೊಲದಲ್ಲಿ ಅವನ ಕುರಿ ಮೇಯುತ್ತಿದ್ದವು. ಅದಕ್ಕೆ ಯಾರೂ ರಸೀದಿ ಬರೆದುಕೊಟ್ಟಿರಲಿಲ್ಲ. ಈಗ ಅಲ್ಲಿ ತಂತಿ ಬೇಲಿ.

ಪಾರ್ಕಿನಲ್ಲಿ ಕೆಲಸವೇ ಇಲ್ಲ ಅಂತಲ್ಲ. ಸೆಕ್ಯುರಿಟಿ ಕೆಲಸ ಇದೆ, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು ಇದೆ. ಆದರೆ ಸೋಲಾರ್ ಅಂದರೆ ಹೀಗೇ: ಕಟ್ಟುವಾಗ ನೂರಾರು ಕೈ ಬೇಕು, ಕಟ್ಟಿದ ಮೇಲೆ ಬೆರಳೆಣಿಕೆ ಸಾಕು. ಕಡಲೆಕಾಯಿ ಹೊಲ ಹಾಗಲ್ಲ. ಅದು ಬಡ ಹೊಲವಾದರೂ ಪ್ರತಿ ಹಂಗಾಮಿಗೆ ಜನರನ್ನು ಕರೆಯುತ್ತಿತ್ತು.

ಇದೇನು ಹೊಸ ಸಮಸ್ಯೆಯಲ್ಲ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಕರೆಂಟಿನಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಶುದ್ಧ ಇಂಧನ. ಆದರೆ ಅಲ್ಲಿ ಮನೆ, ತೋಟ ಮುಳುಗಿಸಿಕೊಂಡ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಕಾಡಂಚಿಗೆ ಕಳಿಸಲಾಯಿತು. ಅವರ ಮೊಮ್ಮಕ್ಕಳಲ್ಲಿ ಅನೇಕರು ಇವತ್ತಿಗೂ ಹಕ್ಕುಪತ್ರಕ್ಕಾಗಿ ಹೋರಾಡುತ್ತಿದ್ದಾರೆ. ಭೂಮಿ ಕಂದಾಯದ್ದೋ ಅರಣ್ಯದ್ದೋ ಅನ್ನುವುದು ಅರವತ್ತು ವರ್ಷ ಕಳೆದರೂ ತೀರ್ಮಾನ ಆಗಿಲ್ಲ. ರಾಜ್ಯಕ್ಕೆಲ್ಲ ದೀಪ ಹಚ್ಚಿದ ಜನ 'ಮುಳುಗಡೆಯವರು' ಅನ್ನುವ ಹೆಸರಿನಲ್ಲೇ ಉಳಿದುಬಿಟ್ಟರು.

ಈಗ ಅದೇ ಕಣಿವೆಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ತತ್ವ ಸರಳ. ಪಾವಗಡದಂಥ ಕಡೆ ಮಧ್ಯಾಹ್ನ ಕರೆಂಟು ಜಾಸ್ತಿ ಹುಟ್ಟುತ್ತದೆ, ನಮಗೆ ಬೇಕಾಗುವುದು ಸಂಜೆ. ಅದಕ್ಕೇ ಹಗಲಿನ ಕರೆಂಟಿನಲ್ಲಿ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಕತ್ತಲಾದ ಮೇಲೆ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಸಿಂಗಳೀಕಗಳ ಅಭಯಾರಣ್ಯದ ಕಾಡಿನ ಬಗ್ಗೆ ದೊಡ್ಡ ಚರ್ಚೆ ನಡೆದಿದೆ, ನಡೆಯಲೇಬೇಕು. ನನಗೆ ಕಾಡುವುದು ಇನ್ನೊಂದು: ಹಳೆಯ ಬಾಕಿ ತೀರಿಸದೆ ಅದೇ ಅಂಗಡಿಯಲ್ಲಿ ಮತ್ತೆ ಉದ್ರಿ ಕೇಳುವುದು ಹೇಗೆ?

ಇನ್ನು ಒಂದು ಉದ್ಯಮ ಮುಚ್ಚಿದಾಗ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕೆಜಿಎಫ್. ಅಲ್ಲಿ ತೆಗೆದದ್ದು ಕಲ್ಲಿದ್ದಲಲ್ಲ, ಚಿನ್ನ. ಆದರೆ ಪಾಠ ಒಂದೇ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಅಲ್ಲಿಗೆ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಅಂಥ ಊರಿನ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಉಳಿದದ್ದು ಏನು? ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ರಾಶಿಬಿದ್ದು, ಗಾಳಿ ಬೀಸಿದರೆ ಪುಡಿ ಹಾರಿಸುವ ಸೈನೈಡ್ ಗುಡ್ಡಗಳು, ಗಣಿ ಕಾರ್ಮಿಕರ ಸಾಲುಮನೆಗಳು, ಮತ್ತು ಬೆಳಗಿನ ರೈಲು. ಮನೆ ಕೆಜಿಎಫ್‌ನಲ್ಲಿ, ಕೆಲಸ ಬೆಂಗಳೂರಿನಲ್ಲಿ. ಒಂದು ಕಡೆಗೆ ಸುಮಾರು ನೂರು ಕಿಲೋಮೀಟರು. ಇಪ್ಪತ್ತು ವರ್ಷ ದಾಟಿದರೂ ಆ ರೈಲು ಹಾಗೇ ತುಂಬಿ ಬರುತ್ತದೆ.

ಆ ರೈಲಿನ ಪಾಸು ಅಗ್ಗ ಅಲ್ವಾ? ಯಾಕೆ ಅಗ್ಗ? ನಮ್ಮ ರೈಲ್ವೆ ಪ್ರಯಾಣಿಕರಿಂದ ಆಗುವ ನಷ್ಟವನ್ನು ಸರಕು ಸಾಗಣೆಯಲ್ಲಿ ತುಂಬಿಕೊಳ್ಳುತ್ತದೆ. ಆ ಸರಕಿನಲ್ಲಿ ತೂಕದ ಲೆಕ್ಕಕ್ಕೆ ಅರ್ಧದ ಹತ್ತಿರ ಕಲ್ಲಿದ್ದಲೇ. ಅಂದರೆ ಕಲ್ಲಿದ್ದಲು ಕಡಿಮೆಯಾದರೆ ಪೆಟ್ಟು ಧನಬಾದಿನಂಥ ಕಲ್ಲಿದ್ದಲು ಗಣಿಯ ಊರಿಗೆ ಮಾತ್ರ ಬೀಳುವುದಿಲ್ಲ, ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಕತ್ತಲಿರುವಾಗಲೇ ನಿಂತವರ ಜೇಬಿಗೂ ಬೀಳಬಹುದು. ಇದನ್ನು ಯಾವ ಸೋಲಾರ್ ಜಾಹೀರಾತೂ ಹೇಳುವುದಿಲ್ಲ.

ಈಗ ರಾಯಚೂರು. ಕೃಷ್ಣೆಯ ದಡದ ಶಕ್ತಿನಗರದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಒಟ್ಟು ಎಂಟು ಘಟಕ, 1,720 ಮೆಗಾವಾಟ್. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ, ತೆಲಂಗಾಣದ ಸಿಂಗರೇಣಿ ಗಣಿಯಂಥ ಕಡೆಯಿಂದ ರೈಲಿನಲ್ಲಿ ತರಬೇಕು. ಮಳೆಗಾಲದಲ್ಲಿ ಗಾಳಿ, ನೀರು ಎರಡೂ ಸಿಕ್ಕಾಗ ಈ ಘಟಕಗಳು ಸುಮ್ನೆ ನಿಂತಿರುವುದನ್ನು ಆಗಲೇ ಕಂಡಿದ್ದೇವೆ. ನಾಳೆಯೇ ಬೀಗ ಬೀಳುವುದಿಲ್ಲ ಬಿಡಿ. ಆದರೆ 2070ಕ್ಕೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟೇ ಇಂಗಾಲವನ್ನು ವಾಪಸ್ಸು ಹೀರುವುದು, ಅಂತ ದೇಶ 2021ರಲ್ಲಿ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟಾಗಿದೆ. ಹಳೆಯ ಘಟಕಗಳ ಸರದಿ ಮೊದಲು ಬರುತ್ತದೆ.

ಆಗ ಕಾಯಂ ನೌಕರನಿಗೆ ವರ್ಗಾವಣೆ ಆದೇಶ ಬರುತ್ತದೆ. ಎರಮರಸ್‌ನ ಸ್ಥಾವರಕ್ಕೋ, ಶರಾವತಿಗೋ ಹೋಗುತ್ತಾನೆ. ಬೇಜಾರಾಗುತ್ತದೆ, ಆದರೆ ಸಂಬಳ ನಿಲ್ಲುವುದಿಲ್ಲ. ಗುತ್ತಿಗೆ ಕಾರ್ಮಿಕನ ಕೈಯಲ್ಲಿ ಇರುವುದು ಗೇಟ್ ಪಾಸ್. ವ್ಯಾಗನ್ನಿನಿಂದ ಕಲ್ಲಿದ್ದಲು ಇಳಿಸುವವನು, ಬೂದಿ ಕೊಳವೆಯ ಕೆಲಸದವನು, ಹಾರುಬೂದಿಯ ಲಾರಿ ಓಡಿಸುವವನು, ಆ ಬೂದಿಯಿಂದ ಇಟ್ಟಿಗೆ ಒತ್ತುವವರು, ಗೇಟಿನ ಎದುರು ಮಿರ್ಚಿ ಮಂಡಕ್ಕಿ ಮಾರುವವಳು. ಇವರ ಹೆಸರು ವಿದ್ಯುತ್ ನಿಗಮದ ಯಾವ ನೌಕರರ ಪಟ್ಟಿಯಲ್ಲೂ ಸಿಗುವುದಿಲ್ಲ. ಪಾವಗಡದ ಪಹಣಿ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ ಅಷ್ಟೇ.

ಜರ್ಮನಿಯ ಮಾತು ಬಂದರೆ 'ಅವರು ಶ್ರೀಮಂತರು ಬಿಡಿ' ಅನ್ನುತ್ತೇವೆ. ನಿಜ. ಆದರೂ ಅವರು ಮಾಡಿದ ಒಂದು ಕೆಲಸಕ್ಕೆ ದುಡ್ಡಿಗಿಂತ ಜಾಸ್ತಿ ಬೇಕಾದದ್ದು ಮುಂಚೆಯೇ ಹೇಳುವ ಧೈರ್ಯ. ರೂರ್ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ 2018ರ ಡಿಸೆಂಬರಿನಲ್ಲಿ ಮುಚ್ಚಿತು. ಮುಚ್ಚುತ್ತೇವೆ ಅಂತ ತೀರ್ಮಾನಿಸಿದ್ದು 2007ರಲ್ಲೇ. ಹನ್ನೊಂದು ವರ್ಷದ ನೋಟಿಸು! ವಯಸ್ಸಾದವರಿಗೆ ಬೇಗ ಪಿಂಚಣಿ, ಉಳಿದವರಿಗೆ ಬೇರೆ ಕೆಲಸದ ತರಬೇತಿ. ಗಣಿಯೊಳಗೆ ತುಂಬುವ ನೀರನ್ನು ಮುಂದೆಯೂ ಪಂಪ್ ಮಾಡುತ್ತಲೇ ಇರಬೇಕಲ್ಲ, ಆ ಕೊನೆಯಿಲ್ಲದ ಖರ್ಚಿಗೂ ಒಂದು ನಿಧಿ ಇಟ್ಟರು.

ನಮ್ಮಲ್ಲಿ ದುಡ್ಡೇ ಇರಲಿಲ್ಲವಾ? ಇತ್ತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, ಶುದ್ಧ ಇಂಧನದ ಹೆಸರಿನಲ್ಲಿ. 2016ಕ್ಕೆ ಅದು 400 ರೂಪಾಯಿ ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣ ರಾಜ್ಯಗಳ ತೆರಿಗೆ ನಷ್ಟ ತುಂಬುವ ಕಡೆ ತಿರುಗಿತು. ರಾಜ್ಯಗಳಿಗೂ ದುಡ್ಡು ಬೇಕಿತ್ತು, ಒಪ್ಪೋಣ. ಆದರೆ ಗಣಿ ಊರಿನ ಹೆಸರಲ್ಲಿ ಎತ್ತಿಡಬಹುದಾಗಿದ್ದ ಗಂಟು ಹಾಗೆ ಕರಗಿತು.

ಹಾಗಾಗಿ ನಾನು ಕೇಳುವುದು ತೀರಾ ಸಣ್ಣ ಸಂಗತಿ. ಪಟ್ಟಿ. ಶಕ್ತಿನಗರದ ಯಾವ ಘಟಕ ಯಾವ ವರ್ಷ ನಿಲ್ಲುತ್ತದೆ ಅಂತ ಈಗಲೇ ಹೇಳಲಿ. ಆ ಗೇಟಿನಲ್ಲಿ ದಿನಾ ಒಳಗೆ ಹೋಗುವವರ ಹೆಸರು ಹೇಗೂ ದಾಖಲಾಗುತ್ತದೆ, ಅದರಿಂದಲೇ ಶುರು ಮಾಡಲಿ. ಇನ್ನೊಂದು ಸೋಲಾರ್ ಪಾರ್ಕ್ ಬರುವ ಮುಂಚೆ ಗ್ರಾಮಸಭೆಯಲ್ಲಿ ಎರಡು ಪಟ್ಟಿ ಓದಲಿ: ಜಮೀನು ಇದ್ದವರದ್ದು ಒಂದು, ಆ ಜಮೀನಿನಲ್ಲಿ ಕೂಲಿ ಮಾಡಿದವರದ್ದು, ಕುರಿ ಮೇಯಿಸಿದವರದ್ದು ಇನ್ನೊಂದು. ಎಕರೆ ಬಾಡಿಗೆಯಲ್ಲಿ ಒಂದು ಸಣ್ಣ ಪಾಲು ಎರಡನೆಯ ಪಟ್ಟಿಗೆ ಹೋಗಲಿ. ಎಷ್ಟು ಪಾಲು ಅನ್ನುವುದಕ್ಕೆ ಜಗಳ ಆಗುತ್ತದೆ. ಆಗಲಿ.

ಅಧ್ಯಕ್ಷರು ಆಗಲೇ ಎರಡನೇ ಚೀಟಿ ಕಳಿಸಿದ್ದಾರೆ. ಹಿಂದಿನ ಸಾಲಿನಲ್ಲಿ ಪಾವಗಡ ಕಡೆಯವರು ಯಾರೋ ಕೈ ಎತ್ತಿದ ಹಾಗಿದೆ. ಮೈಕ್ ಅವರಿಗೆ ಕೊಡಿ.